ಹೂಳಿನ ಕಾರ್ಬನ್ ಡೇಟಿಂಗ್ ಸಾಲದು, ಪದರ ಎಣಿಸಬೇಕು

ಸರೋವರದ ಹೂಳಿಗೆ ಕಾರ್ಬನ್ ಡೇಟಿಂಗ್ ಮಾಡಿದರೆ ಹವಾಮಾನ ಬದಲಾದ ವರ್ಷವೇ ಸಿಗುತ್ತದೆ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಸಿಗುವುದಿಲ್ಲ. ಇಡೀ ಕೆಸರನ್ನೇ ಅಳೆದರೆ ಸುಣ್ಣಕಲ್ಲಿನಿಂದ ಕರಗಿ ಬಂದ ಹಳೆಯ ಇಂಗಾಲ ಸೇರಿ ವಯಸ್ಸು ನೂರಾರು ವರ್ಷ ಹೆಚ್ಚು ತೋರಿಸಬಹುದು. ನೆಲದ ಗಿಡಗಳ ಎಲೆ, ಬೀಜ, ಕಡ್ಡಿ ಹೆಕ್ಕಿ ಅಳೆಯುವುದು ಅದಕ್ಕೇ.

ವರ್ಷದ ನಿಖರತೆಗೆ ವಾರ್ಷಿಕ ಪದರಗಳೇ, ಅಂದರೆ ವರ್ಷಕ್ಕೊಂದರಂತೆ ಕೂತ ಹೂಳಿನ ಪದರಗಳೇ ಬೇಕು. ಜರ್ಮನಿಯ ಐಫೆಲ್ ಪ್ರದೇಶದ ಮೀರ್‌ಫೆಲ್ಡರ್ ಮಾರ್ ಸರೋವರದಲ್ಲಿ ಅವು ಕಲಕದೆ ಉಳಿದಿವೆ. ಸುಮಾರು 12,700 ವರ್ಷಗಳ ಹಿಂದೆ, ಯಂಗರ್ ಡ್ರಯಾಸ್ ಎಂಬ ಚಳಿಯ ಅವಧಿ ಶುರುವಾದಾಗ, ಅಲ್ಲಿನ ಪದರಗಳ ಸ್ವರೂಪ ಒಂದೇ ವರ್ಷದಲ್ಲಿ ಬದಲಾಯಿತು. 2008ರಲ್ಲಿ ಭೂವಿಜ್ಞಾನಿ ಬ್ರೌವರ್ ಅವರ ತಂಡ ಕೊಟ್ಟ ಕಾರಣ ಬರೀ ಚಳಿಯಲ್ಲ, ಗಾಳಿ: ಚಳಿಗಾಲದ ಪಶ್ಚಿಮ ಮಾರುತಗಳು ಜೋರಾಗಿ ನೀರನ್ನು ಕಲಕಿದವು.

ಎಡವಟ್ಟಾಗುವುದು ಹೂಳಿಗೆ ಕೊಳವೆ ಇಳಿಸಿ ಕೊರೆಯುವಾಗ. ಕೊಳವೆಯ ತುದಿಗಳಲ್ಲಿ ಕೆಸರು ಕಲಸಿಹೋಗಿ ಒಂದಷ್ಟು ವರ್ಷಗಳು ಲೆಕ್ಕದಿಂದಲೇ ಮಾಯ! ಹಾಗಾಗಿ ಪಕ್ಕದಲ್ಲೇ ಇನ್ನೊಂದು ಕೊರೆತ, ಅರ್ಧ ಮೀಟರ್ ಮೇಲೆಕೆಳಗಾಗಿ. ಎರಡನ್ನೂ ತಾಳೆಹಾಕಲು ಲಾಖರ್ ಸೇ ಜ್ವಾಲಾಮುಖಿಯ ಬೂದಿ ಪದರ ಒಳ್ಳೆಯ ಗುರುತು. ಅದು ಯಂಗರ್ ಡ್ರಯಾಸ್ ಶುರುವಾದ ತಿರುವಿಗಿಂತ ಸುಮಾರು 200 ವರ್ಷ ಹಿಂದಿನದು. ಆಮೇಲೆ ಕೆಸರನ್ನು ಹೆಪ್ಪುಗಟ್ಟಿಸಿ ಒಣಗಿಸಿ, ರಾಳ ಹಿಡಿಸಿ, ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಎಣಿಸುವುದು. ಸುಮ್ಮನೆ ಬಿಸಿಲಿಗಿಟ್ಟರೆ ಕುಗ್ಗಿ ಬಿರುಕು ಬಿಟ್ಟು ಪದರಗಳೇ ಕೆಡುತ್ತವೆ.