ಒಂದು ಬಕೆಟ್ ಬೋಲ್ಟು

ನಮ್ಮ ಕೊಟ್ಟಿಗೆ ಮೂಲೆಯಲ್ಲಿ ಇಪ್ಪತ್ತು ಲೀಟರಿನ ಹಳೇ ಪೇಂಟ್ ಬಕೆಟ್ ಒಂದಿದೆ. ಅದರ ತುಂಬ ಬೋಲ್ಟು, ನಟ್ಟು, ವಾಷರ್ರು, ಎರಡು ಮೂರು ಸ್ಪ್ರಿಂಗು. ಯಾವುದು ಎಲ್ಲಿಯದು ಅಂತ ದೇವರಾಣೆ ಗೊತ್ತಿಲ್ಲ.

2016ರ ಒಂದು ಭಾನುವಾರ ನಾನು, ನಮ್ಮ ಚಿಕ್ಕಪ್ಪನ ಮಗ ಸೇರಿ ಅಪ್ಪನ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಬಿಚ್ಚಿದ್ದರ ಗುರುತು ಅದು. 1988ರಲ್ಲಿ ತಂದ ಗಾಡಿ, ಆರೇಳು ವರ್ಷದಿಂದ ಹುಣಸೆಮರದ ಕೆಳಗೆ ನಿಂತಿತ್ತು. ಬೆಳಿಗ್ಗೆ ಇಡ್ಲಿ ತಿಂದು ಪಾನ, ಅಂದರೆ ಸ್ಪ್ಯಾನರ್, ಹಿಡಿದೆವು. ಸಂಜೆ ಹೊತ್ತಿಗೆ ಬಾನೆಟ್ಟು, ಟ್ಯಾಂಕು, ರೇಡಿಯೇಟರ್, ಮಡ್‌ಗಾರ್ಡ್, ಸ್ಟೇರಿಂಗ್ ಬಾಕ್ಸ್ ಎಲ್ಲ ನೆಲದ ಮೇಲೆ. ಬೋಲ್ಟೆಲ್ಲ ಒಂದೇ ಬಕೆಟ್ಟಿಗೆ. ಏನು ಖುಷಿ ಅಂತೀರಿ! ಫೋಟೋ ತೆಗೆದು ಇಲ್ಲೇ ಹಾಕಿದ್ದೆ, ಲೈಕೂ ಚೆನ್ನಾಗಿ ಬಂದಿತ್ತು. ಗದ್ದೆಯಿಂದ ಬಂದ ಅಪ್ಪ ಒಂದು ಸುತ್ತು ಹಾಕಿ ನೋಡಿದರು. ಹೆಗಲ ಮೇಲಿನ ಟವೆಲ್ ಕೊಡವಿದರು. "ನಿಂತಿದ್ ಗಾಡೀನ ಮಲಗಿಸ್ಬುಟ್ಟಲ್ಲೋ" ಅಂದು ಒಳಗೆ ಹೋದರು.

ಅದು ಮತ್ತೆ ಎದ್ದಿದ್ದು 2019ರಲ್ಲಿ.

ಈಗ ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೆ ಅಂದರೆ, ವಾರಕ್ಕೆ ಒಬ್ಬರಾದರೂ ಮೆಸೇಜ್ ಮಾಡುತ್ತಾರೆ. "ಅಣ್ಣ, ನಮ್ಮ ತಾತನ ಟ್ರ್ಯಾಕ್ಟರ್ ಹಂಗೇ ನಿಂತದೆ, ರೆಡಿ ಮಾಡ್ಸೋಣ ಅಂತಿದೀನಿ, ಎಷ್ಟಾಯ್ತದೆ?" ಜೊತೆಗೆ ಪಳಪಳ ಹೊಳೆಯುವ ಕೆಂಪು ಟ್ರ್ಯಾಕ್ಟರಿನ ಒಂದು ರೀಲ್. ಎಲ್ಲರಿಗೂ ನಾನು ಹೇಳುವುದು ಒಂದೇ. ಪಾನ ಮುಟ್ಟಬೇಡಿ, ಮೊದಲು ಒಂದು ನೋಟ್ ಬುಕ್ ತಗೊಳ್ಳಿ. ನಮ್ಮ ಕಡೆ ಗುಜರಿಗೆ ಹೋದ ಎಷ್ಟೋ ಟ್ರ್ಯಾಕ್ಟರ್ ನೋಡಿದ್ದೇನೆ. ಪೂರ್ತಿ ಕೆಟ್ಟು ಹೋದವು ಕಡಿಮೆ. ಯಾರೋ ಹುಮ್ಮಸ್ಸಿನಲ್ಲಿ ಅರ್ಧ ಬಿಚ್ಚಿ, ದುಡ್ಡೋ ಟೈಮೋ ಸಾಲದೆ ಕೈಬಿಟ್ಟವೇ ಜಾಸ್ತಿ. ಮೂರು ಮಳೆಗಾಲ ತೆರೆದ ಇಂಜಿನ್ ಮೇಲೆ ಬಿದ್ದರೆ ಮುಗೀತು, ಕೆಜಿ ಲೆಕ್ಕ.

ಬಿಚ್ಚುವ ಮುಂಚೆ ಎರಡು ದಿನ ಸುಮ್ನೆ ನೋಡಿ. ಇಂಜಿನ್ ಜಾಮ್ ಆಗಿದ್ದರೆ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಲು ಹೋಗಲೇಬೇಡಿ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ತೆಗೆದು ಆ ತೂತಿನಿಂದ ಸ್ವಲ್ಪ ಡೀಸೆಲ್, ಸ್ವಲ್ಪ ಆಯಿಲ್ ಬಿಟ್ಟು ನಾಲ್ಕು ದಿನ ಮರೆತುಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ, ನಾಲ್ಕು ಜನ ಸೇರಿ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಿಟ್ಟುಕೊಂಡರೆ ನಿಮ್ಮ ಪುಣ್ಯ. ಗಾಡಿ ಸ್ಟಾರ್ಟ್ ಆಗುವ ಸ್ಥಿತಿಯಲ್ಲಿದ್ದರಂತೂ ಬಿಚ್ಚುವ ಮುಂಚೆ ಓಡಿಸಿ ನೋಡಲೇಬೇಕು. ಬಿಚ್ಚಿದ ಮೇಲೆ ಅದು ಏನೂ ಹೇಳುವುದಿಲ್ಲ, ಓಡುವಾಗ ಎಲ್ಲ ಹೇಳುತ್ತದೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಹೋಗುತ್ತಿದೆ ಇಲ್ಲವೇ ಗಾಳಿ ಸಾಲುತ್ತಿಲ್ಲ, ಎಷ್ಟೋ ಸಲ ಏರ್ ಕ್ಲೀನರ್ ತೊಳೆದರೆ ಸಾಕು. ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಹೆಡ್ ಪ್ಯಾಕಿಂಗ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಹಾಳೆ) ಕಡೆ ಅನುಮಾನ ಪಡಿ. ಇದನ್ನೆಲ್ಲ ಬರೆದಿಟ್ಟುಕೊಳ್ಳಿ. ನಾನು ಇದ್ಯಾವುದನ್ನೂ ಮಾಡಲಿಲ್ಲ. ಹಾಗಾಗಿ ನನ್ನ ಗಾಡಿಗೆ ನಿಜವಾಗಿ ಏನಾಗಿತ್ತು ಅಂತ ಇವತ್ತಿಗೂ ಪೂರ್ತಿ ಗೊತ್ತಿಲ್ಲ, ಎಲ್ಲ ಬದಲಾಯಿಸಿದೆ ಅಷ್ಟೇ.

ಹಿಂದಿನ ಹೌಸಿಂಗ್ (ಹಿಂದಿನ ಆಕ್ಸಲಿನ ಗೇರು ಕೂತಿರುವ ಪೆಟ್ಟಿಗೆ) ಆಯಿಲ್ ಇಳಿಸಿದ ದಿನ ಮಾತ್ರ ಮರೆಯುವ ಹಾಗಿಲ್ಲ. ಡ್ರೈನ್ ಬೋಲ್ಟ್ ಸಡಿಲ ಮಾಡಿದ ತಕ್ಷಣ ಮೊದಲು ಬಂದಿದ್ದು ನೀರು. ಚೊಂಬಿನಲ್ಲಿ ಹುಯ್ದ ಹಾಗೆ, ಶುದ್ಧ ನೀರು. ಅದು ನಿಂತ ಮೇಲೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಲೋಳೆ ಮೆಲ್ಲಗೆ ಇಳಿಯಿತು. ಗದ್ದೆ ಕೆಸರು ಮಾಡುವಾಗ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ಓಡಿಸುತ್ತೇವಲ್ಲ, ಸೀಲ್ ಹಳೆಯದಾಗಿದ್ದರೆ ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ಮಂಡ್ಯ ಕಡೆಯ ಟ್ರ್ಯಾಕ್ಟರಿಗೆ ಇದು ಹುಟ್ಟುರೋಗ. ಆದರೆ ನಮ್ಮದು ಗದ್ದೆಗಿಳಿದು ಎಷ್ಟೋ ವರ್ಷ ಆಗಿತ್ತು. ರಿಪೇರಿ ಮೇಸ್ತ್ರಿ ಗೇರ್ ಲಿವರ್ ಬುಡ ತೋರಿಸಿದರು. ಅಲ್ಲಿನ ರಬ್ಬರ್ ಕವರ್ ಹರಿದು ಹೋಗಿತ್ತು. ಮರದ ಕೆಳಗೆ ನಿಂತ ಗಾಡಿ, ಬಿದ್ದ ಮಳೆ ಅಷ್ಟೂ ಲಿವರ್ ಹಿಡಿದುಕೊಂಡು ಒಳಗೆ ಇಳಿದಿದೆ. ಇಷ್ಟುದ್ದದ ರಬ್ಬರು! ಒಂದು ಪ್ಲಾಸ್ಟಿಕ್ ಕವರ್ ಕಟ್ಟಿದ್ದರೂ ಆಗುತ್ತಿತ್ತು.

ಮ್ಯಾಸಿಯಲ್ಲಿ ಇದರ ಪೆಟ್ಟು ಇನ್ನೂ ಜೋರು. ಯಾಕಂದರೆ ಹಿಂದಿನ ನೇಗಿಲು ಎತ್ತುವ ಲಿಫ್ಟಿನ ಹೈಡ್ರಾಲಿಕ್ ಪಂಪು ಹೊರಗೆ ಕಾಣುವುದೇ ಇಲ್ಲ, ಅದೇ ಹೌಸಿಂಗ್ ಒಳಗೆ ಅದೇ ಆಯಿಲಿನಲ್ಲಿ ಮುಳುಗಿ ಕೂತಿರುತ್ತದೆ. ಗೇರಿಗೂ ಅದೇ ಆಯಿಲ್, ಲಿಫ್ಟಿಗೂ ಅದೇ. ಪಂಪನ್ನು ತಿರುಗಿಸುವುದು ಪಿಟಿಒ ಶಾಫ್ಟು, ಅಂದರೆ ಹಿಂದೆ ಜೋಡಿಸಿದ ಯಂತ್ರಗಳಿಗೆ ಇಂಜಿನ್ ಶಕ್ತಿ ಕೊಡುವ ದಂಡ. ಪಿಟಿಒ ಲಿವರ್ ಹಾಕದೆ ಇದ್ದರೆ ಲಿಫ್ಟ್ ಏಳುವುದಿಲ್ಲ. ಇದು ಗೊತ್ತಿಲ್ಲದೆ ಲಿಫ್ಟ್ ಹೋಗಿದೆ ಅಂತ ಬಿಚ್ಚಿಸಿದವರನ್ನೂ ಕಂಡಿದ್ದೇನೆ, ಹೆಸರು ಬೇಡ, ನಮ್ಮ ಭಾವ. ಅಂದ ಹಾಗೆ ನೇಗಿಲನ್ನು ಮೂರು ಕಡೆ ಹಿಡಿದು ಹೈಡ್ರಾಲಿಕ್‌ನಲ್ಲಿ ಎತ್ತುವ ಈ ಏರ್ಪಾಟು ಹ್ಯಾರಿ ಫರ್ಗುಸನ್ ಅನ್ನುವ ಐರ್ಲೆಂಡಿನವನ ಕೆಲಸ. 1953ರಲ್ಲಿ ಅವನ ಕಂಪನಿ ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ ಸೇರಿದ್ದಕ್ಕೇ ಈ ಜೋಡಿ ಹೆಸರು. ಇವತ್ತು ಯಾವ ಕಂಪನಿ ಟ್ರ್ಯಾಕ್ಟರ್ ಹಿಂದೆ ಹೋಗಿ ನೋಡಿದರೂ ಅದೇ ಮೂರು ಕೈ.

ಇನ್ನು ಪ್ಲಾನ್ ಅಂದರೆ ಏನು ಅನ್ನುವುದಕ್ಕೆ ನನ್ನ ಪೆದ್ದತನದ್ದೇ ಉದಾಹರಣೆ ಕೊಡುತ್ತೇನೆ. ಈ ಗಾಡಿಗಳಿಗೆ ಲಾರಿಯ ಹಾಗೆ ಚಾಸಿ ಇಲ್ಲ. ಇಂಜಿನ್, ಗೇರ್ ಬಾಕ್ಸ್, ಹಿಂದಿನ ಹೌಸಿಂಗ್ ಒಂದಕ್ಕೊಂದು ಬೋಲ್ಟ್ ಆಗಿ ಅದೇ ಬೆನ್ನುಮೂಳೆ. ಕ್ಲಚ್ ಪ್ಲೇಟ್ ಹಾಕಬೇಕು ಅಂದರೆ ಟ್ರ್ಯಾಕ್ಟರನ್ನು ನಡುವೆ ಎರಡು ಹೋಳು ಮಾಡಬೇಕು. ಮುಂದಿನ ಆಕ್ಸಲ್ ಒಂದೇ ಪಿನ್ ಮೇಲೆ ತೊಟ್ಟಿಲ ಹಾಗೆ ತೂಗುವುದರಿಂದ, ಹೋಳು ಮಾಡಿದ ಕ್ಷಣ ಇಂಜಿನ್ ಪಕ್ಕಕ್ಕೆ ವಾಲಿ ಬೀಳಬಹುದು. ಹಾಗಾಗಿ ಎರಡೂ ಕಡೆ ಆಕ್ಸಲ್ ಮೇಲೆ ಮರದ ಬೆಣೆ ಬಡಿಯಬೇಕು, ಕೆಳಗೆ ಜಾಕು, ದಿಮ್ಮಿ. ಅರ್ಧ ದಿನ ಅದಕ್ಕೇ ಹೋಗುತ್ತದೆ. ಇಷ್ಟೆಲ್ಲ ಮಾಡಿ ಹೊಸ ಕ್ಲಚ್ ಹಾಕಿದೆವು. ಮೇಸ್ತ್ರಿ ಕೇಳಿದರು, "ಅಣ್ಣ, ಕ್ರ್ಯಾಂಕ್ ಹಿಂದಿನ್ ಸೀಲ್ ಒಂದ್ ಹಾಕ್ಬುಡನಾ?" ಇಂಜಿನ್ ಆಯಿಲ್ ಕ್ಲಚ್ ಕಡೆ ಸೋರದ ಹಾಗೆ ತಡೆಯುವುದು ಅದು. ಅಷ್ಟು ಹೊತ್ತಿಗೆ ನನ್ನ ಜೇಬು ಖಾಲಿ. ಸೋರುತ್ತಿಲ್ಲವಲ್ಲ, ಬಿಡಿ ಅಂದೆ. ಗಾಡಿ ಓಡಿದ್ದು ಮೂರು ವಾರ. ಹೌಸಿಂಗ್ ಕೆಳಗಿನಿಂದ ಆಯಿಲ್ ತೊಟ್ಟಿಕ್ಕಲು ಶುರುವಾಯಿತು, ಹೊಸ ಕ್ಲಚ್ ಪ್ಲೇಟ್ ಆಯಿಲ್ ಕುಡಿದು ಜಾರತೊಡಗಿತು. ಮತ್ತೆ ಜಾಕು, ಮತ್ತೆ ಬೆಣೆ, ಮತ್ತೆ ಹೋಳು. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಹದಿನಾಲ್ಕು ಸಾವಿರ ಎಣಿಸಿದೆ.

ಹಾಗಾಗಿ ಈಗ ಪಟ್ಟಿ ಬರೆಯುವಾಗ ಏನು ಕೆಟ್ಟಿದೆ ಅಂತ ಬರೆಯುವುದಿಲ್ಲ. ಯಾವ ಬಾಗಿಲು ತೆಗೆದರೆ ಏನೇನು ಕೈಗೆ ಸಿಗುತ್ತದೆ ಅಂತ ಬರೆಯುತ್ತೇನೆ. ನಡುವೆ ಹೋಳು ಮಾಡಿದರೆ ಕ್ಲಚ್ಚು, ರಿಲೀಸ್ ಬೇರಿಂಗು, ಹಿಂದಿನ ಸೀಲು, ಫ್ಲೈವೀಲ್ ರಿಂಗು, ಎಲ್ಲ ಒಂದೇ ಪುಟ. ಹೆಡ್ ಎತ್ತಿದರೆ ವಾಲ್ವು, ನಾಜಲ್ಲು, ಹೋಸು ಇನ್ನೊಂದು ಪುಟ. ಒಂದು ಪುಟ ಮುಗಿಯದೆ ಇನ್ನೊಂದು ಬಾಗಿಲಿಗೆ ಕೈ ಹಾಕುವುದಿಲ್ಲ. "ಹೆಂಗೂ ಬಿಚ್ಚಿದೀವಿ, ಅದನ್ನೂ ಮಾಡ್ಬುಡವ" ಅನ್ನುವ ಮಾತು ಇದೆಯಲ್ಲ, ಅದೇ ಪುಟದ್ದಾದರೆ ಚಿನ್ನ, ಬೇರೆ ಪುಟದ್ದಾದರೆ ಮನೆಹಾಳು.

ಪಾನದ ವಿಷಯ ಚಿಕ್ಕದು ಅನಿಸಬಹುದು. ಮ್ಯಾಸಿಯ ಬೋಲ್ಟು ಇಂಚಿನ ಲೆಕ್ಕದ್ದು. ನನ್ನ ಹತ್ತಿರ ಇದ್ದಿದ್ದು ಬೈಕ್ ರಿಪೇರಿಯ ಎಂಎಂ ಸೆಟ್. ಮುಕ್ಕಾಲು ಇಂಚಿನ ನಟ್ಟಿಗೆ 19ರ ಪಾನ ನೀಟಾಗಿ ಕೂರುತ್ತದೆ, ಯಾಕಂದರೆ ಅದು 19.05 ಎಂಎಂ. ಆಹಾ ಎಲ್ಲ ಸರಿ ಹೋಗುತ್ತೆ ಅಂದುಕೊಂಡೆ. ಅರ್ಧ ಇಂಚು ಅಂದರೆ 12.7, ಅದಕ್ಕೆ 13 ಹಾಕಿ ಎಳೆದೆ. ತುಕ್ಕು ಹಿಡಿದ ನಟ್ಟಿನ ಆರು ಮೂಲೆಯೂ ಉಜ್ಜಿ ಗೋಲಿ ಆಯಿತು. ಉಳಿಯಿಂದ ಕಡಿದು ತೆಗೆಯಬೇಕಾಯಿತು, ಹೀಗೆ ಒಟ್ಟು ಒಂಬತ್ತು ನಟ್ಟು.

ಯಾವಾಗ ಬಿಚ್ಚಬೇಕು? ನಾನು ಆಯುಧಪೂಜೆಗೆ ರೆಡಿ ಆಗಬೇಕು ಅಂತ ಹಟ ಹಿಡಿದಿದ್ದೆ. ಇದಕ್ಕಿಂತ ದಡ್ಡ ಗುರಿ ಇಲ್ಲ. ಅಣೆಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟರು ಅಂದರೆ ಊರಿನ ಟ್ರ್ಯಾಕ್ಟರೆಲ್ಲ ಗದ್ದೆಯಲ್ಲಿ, ಮೇಸ್ತ್ರಿಗಳೆಲ್ಲ ಆ ಟ್ರ್ಯಾಕ್ಟರುಗಳ ಹಿಂದೆ. ಓಡುವ ಗಾಡಿ ನಿಂತು ರೈತ ಕೂಗುತ್ತಿರುವಾಗ ನಿಮ್ಮ ತಾತನ ನೆನಪಿಗೆ ಯಾರು ಬರುತ್ತಾರೆ? ಆ ವರ್ಷ ಎರಡು ಹೋಳಾಗಿ ನಿಂತ ಗಾಡಿಗೇ ಕುಂಕುಮ ಇಟ್ಟು, ನಿಂಬೆಹಣ್ಣು ಇಟ್ಟು ಕುಂಬಳಕಾಯಿ ಒಡೆದೆವು. ಅವ್ವ "ಯಾವ ಅರ್ಧಕ್ಕೆ ಹೂ ಹಾಕನಪ್ಪ" ಅಂತ ಕೇಳಿದ್ದು ಇನ್ನೂ ಮನೆಯಲ್ಲಿ ಜೋಕ್. ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ. ರಾಗಿ ಒಕ್ಕಣೆ ಮುಗಿದಿರುತ್ತದೆ, ಮಳೆ ಇರುವುದಿಲ್ಲ, ಮೇಸ್ತ್ರಿ ಟೀ ಕುಡಿಯುತ್ತಾ ನಿಮ್ಮ ಮಾತು ಕೇಳುತ್ತಾರೆ.

ಯಾವ ಗಾಡಿ ಅನ್ನುವುದೂ ಮುಖ್ಯ. ಮ್ಯಾಸಿಗೆ, ಮಹೀಂದ್ರ 275ಕ್ಕೆ ಸಾಮಾನು ಮಂಡ್ಯದಲ್ಲೇ ಸಿಗುತ್ತದೆ, ಇಲ್ಲದಿದ್ದರೆ ಬೆಂಗಳೂರಿನ ಜೆಸಿ ರೋಡ್. ಎಚ್‌ಎಂಟಿ ಆದರೆ ಕಷ್ಟ. ಮದುವೆಗೆ ವಾಚ್ ಕೊಡುತ್ತಿದ್ದ ಅದೇ ಎಚ್‌ಎಂಟಿ. ಹರಿಯಾಣದ ಪಿಂಜೋರಿನಲ್ಲಿ 1971ರಿಂದ ಜೆಕೊಸ್ಲೊವಾಕಿಯಾದ ಜೀಟರ್ ಮಾದರಿಯ ಟ್ರ್ಯಾಕ್ಟರ್ ಮಾಡುತ್ತಿದ್ದರು, 2016ರಲ್ಲಿ ಅದನ್ನು ಮುಚ್ಚುವ ತೀರ್ಮಾನ ಆಯಿತು. ಈಗ ನಮ್ಮ ಮಾವನ 2511 ಹಿಡಿದಿದ್ದೇನೆ. ಎರಡು ಸಿಲಿಂಡರ್, ಟಕಟಕ ಅಂತ ಓಡುವ ಗಟ್ಟಿ ಜೀವ. ಆದರೆ ಇಲ್ಲಿ ಕ್ರಮ ಉಲ್ಟಾ. ಮೊದಲು ಸಾಮಾನು ಕೈಗೆ ಬರಬೇಕು, ಆಮೇಲೆ ಬಿಚ್ಚಬೇಕು.

ಸಾಮಾನು ಅಂದೆನಲ್ಲ, ಹಳೇದನ್ನು ಬಿಸಾಡಬೇಡಿ, ಹೊಸದು ಕೂತು ಓಡುವ ತನಕ. ಲೇತಿಗೆ ಏನೇ ಕೊಟ್ಟರೂ ಪಂಚ್‌ನಲ್ಲಿ ಗುರುತು ಹೊಡೆದು ಕೊಡಿ. ಮೈಸೂರಿನಲ್ಲಿ ಒಂದು ಕಡೆ ಇಂಜಿನ್ ಹೆಡ್ಡನ್ನು ಫೇಸಿಂಗಿಗೆ (ತಳ ಸಮ ಮಾಡಲು) ಕೊಟ್ಟಿದ್ದೆ. ಎರಡು ತಿಂಗಳು ಅಲೆದಾಡಿಸಿ ಕೊನೆಗೆ ಕೊಟ್ಟಿದ್ದು ಬೇರೆ ಯಾರದೋ ಹೆಡ್ಡು, ಅದೂ ಸಣ್ಣ ಬಿರುಕು ಬಿಟ್ಟಿದ್ದು. ನಂದಲ್ಲ ಅಂದರೆ "ಇದೇ ಸಾರ್ ನಿಮ್ದು" ಅಂತ ನನಗೇ ಸಮಾಧಾನ ಹೇಳುತ್ತಾರೆ. ನಂದು ಅನ್ನುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಖರ್ಚು ಕೇಳಿದವರಿಗೆ. ನಾನು ಅಂದುಕೊಂಡಿದ್ದು 70 ಸಾವಿರ, ಆಗಿದ್ದು 1 ಲಕ್ಷ 85 ಸಾವಿರ, ಟೈರ್ ಸೇರಿ. ಆ ದುಡ್ಡಿಗೆ ಓಡುವ ಹಳೇ ಗಾಡಿಯೇ ಬರುತ್ತಿತ್ತು ಅಂತ ಭಾಮೈದ ಇವತ್ತಿಗೂ ಹಂಗಿಸುತ್ತಾನೆ. ನಿಜ, ಬರುತ್ತಿತ್ತು. ಲಾಭದ ಲೆಕ್ಕ ಹಾಕುವವರು ಇದಕ್ಕೆ ಇಳಿಯಬಾರದು. ದುಡ್ಡು ಹಾಕುವ ಮುಂಚೆ ಆರ್‌ಸಿ ಯಾರ ಹೆಸರಲ್ಲಿದೆ ನೋಡಿಕೊಳ್ಳಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು, ತೀರಿಹೋದ ತಾತನ ಹೆಸರಲ್ಲೇ ಇದ್ದರೆ ಆ ಓಡಾಟ ಬೇರೆ.

ಪೇಂಟ್ ಬಗ್ಗೆ ಜಗಳಕ್ಕೆ ಬರುವವರು ಬನ್ನಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗೆ, ಇಂಜಿನ್ ಕೆಮ್ಮುತ್ತಿದ್ದರೂ ಮೊದಲು ಬಣ್ಣ ಹೊಡೆಸುವವರೇ ಜಾಸ್ತಿ. ಬಣ್ಣದ ಕೆಳಗೆ ಸೋರಿಕೆ ಕಾಣುವುದಿಲ್ಲ, ಬಿರುಕು ಕಾಣುವುದಿಲ್ಲ. ಒಂದು ಹಂಗಾಮು ದುಡಿಸಿ, ಎಲ್ಲಿ ಆಯಿಲ್ ಒಸರುತ್ತದೆ ನೋಡಿ, ಅದನ್ನು ಸರಿಮಾಡಿ, ಆಮೇಲೆ ಬೇಕಾದರೆ ಬಣ್ಣ. ನಮ್ಮದಕ್ಕೆ ಇನ್ನೂ ಹೊಡೆಸಿಲ್ಲ. ಅಪ್ಪ ಬಲಗಡೆ ಮಡ್‌ಗಾರ್ಡ್ ಮೇಲೆ ಕೈ ಊರಿ ಊರಿ ಅಲ್ಲಿ ಕೆಂಪು ಸವೆದು ತಗಡು ನುಣ್ಣಗೆ ಹೊಳೆಯುತ್ತದೆ. ಪೇಂಟರ್ ಅದನ್ನು ಉಜ್ಜಿ ಪ್ರೈಮರ್ ಹೊಡೆಯುತ್ತೇನೆ ಅಂದ, ಬೇಡ ಅಂದೆ.

ಎಡಗಡೆ ಮಡ್‌ಗಾರ್ಡ್ ಮಾತ್ರ ಬುಡದಲ್ಲಿ ತುಕ್ಕು ತಿಂದು ಹೋಗಿದೆ, ವೆಲ್ಡಿಂಗ್ ನಿಲ್ಲುತ್ತಿಲ್ಲ. ಪಾಂಡವಪುರ, ಮದ್ದೂರು, ಶ್ರೀರಂಗಪಟ್ಟಣ ಕಡೆ ಯಾರ ಹತ್ತಿರವಾದರೂ 1035ರ ಹಳೇ ಎಡಗಡೆ ಮಡ್‌ಗಾರ್ಡ್ ಬಿದ್ದಿದ್ದರೆ ಕೆಳಗೆ ಹೇಳಿ, ಬಂದು ತಗೊಂಡು ಹೋಗುತ್ತೇನೆ. ನೆಗ್ಗಿದ್ದರೂ ಪರವಾಗಿಲ್ಲ. ಬಣ್ಣ ಹೊಡೆದು ಕೊಡಬೇಡಿ.