ಕಲ್ಪನೆಗೆ ಮಿತಿಯಿಲ್ಲ, ಬಣ್ಣ ಮಾತ್ರ ಎರಡೇ

ಶಾಲಾಭಿಮಾನದ ಟೀ ಶರ್ಟಿಗೆ ವಿದ್ಯಾರ್ಥಿಗಳಿಂದ ವಿನ್ಯಾಸ ಆಹ್ವಾನಿಸುವ ಸುತ್ತೋಲೆ ಈ ವರ್ಷವೂ ಬಂದಿದೆ. ಓದಿ ಪುನೀತನಾದೆ. ‘ಮಕ್ಕಳ ಕಲ್ಪನೆಗೆ ಮಿತಿಯಿಲ್ಲ’ ಎಂಬುದು ಮೊದಲ ಸಾಲು. ಅದರ ಕೆಳಗೆ ಉದ್ದಕ್ಕೂ ಮಿತಿಗಳೇ. ಬಣ್ಣ ಎರಡನ್ನು ಮೀರಕೂಡದು. ಶಾಲೆಯ ಪೂರ್ಣ ಹೆಸರು, ಸ್ಥಾಪನೆಯಾದ ವರ್ಷ, ಧ್ಯೇಯವಾಕ್ಯ, ಲಾಂಛನದ ಸಿಂಹ ಇರಲೇಬೇಕು. ಮಿಕ್ಕ ಜಾಗವೆಲ್ಲ ಮಗುವಿನದೇ. ಮಿಕ್ಕರೆ.

ಎರಡು ಬಣ್ಣದ ಬಗ್ಗೆ ನನ್ನ ತಕರಾರಿಲ್ಲ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್, ಅಂದರೆ ಬಣ್ಣ ಇಳಿಸುವ ಜಾಲರಿಯ ಚೌಕಟ್ಟು, ಬೇಕು. ಕಡುಬಣ್ಣದ ಬಟ್ಟೆಯಾದರೆ ಅಡಿಯಲ್ಲಿ ಬಿಳಿಯದೊಂದು ಲೇಪ ಬೇರೆ. ಖರ್ಚು ಏರುತ್ತದೆ, ಒಪ್ಪಿದೆ. ಅಮೆರಿಕದ ಅಲಾಸ್ಕದ ಧ್ವಜವನ್ನೂ 1927ರಲ್ಲಿ ಶಾಲಾ ಮಕ್ಕಳ ಸ್ಪರ್ಧೆಯಿಂದಲೇ ಆರಿಸಿದ್ದು. ಬೆನ್ನಿ ಬೆನ್ಸನ್ ಎಂಬ ಹುಡುಗ ನೀಲಿಯ ಮೇಲೆ ಎಂಟು ಹೊಂಬಣ್ಣದ ನಕ್ಷತ್ರ ಬಿಡಿಸಿದ: ಸಪ್ತರ್ಷಿ ಮಂಡಲದ ಏಳು, ಧ್ರುವ ಒಂದು. ಎರಡೇ ಬಣ್ಣ! ಅವನ ಪುಣ್ಯ, ನಮ್ಮ ಆಯ್ಕೆ ಸಮಿತಿ ಆಗ ಹುಟ್ಟಿರಲಿಲ್ಲ. ಇದ್ದಿದ್ದರೆ ‘ಧ್ರುವ ಒಂಟಿಯಾಗಿ ಕಾಣುತ್ತಾನೆ, ಜೊತೆಗೊಂದು ನಕ್ಷತ್ರ ಹಾಕಿ, ಕೆಳಗೆ ಧ್ಯೇಯವಾಕ್ಯ ಬರಲಿ’ ಎಂದು ಹಿಂದಕ್ಕೆ ಕಳಿಸುತ್ತಿತ್ತು. ಆ ಹುಡುಗನಿಗೆ ಸಾವಿರ ಡಾಲರ್ ಬಹುಮಾನ, ಜೊತೆಗೊಂದು ಗಡಿಯಾರ. ಧ್ವಜ ಇವತ್ತಿಗೂ ಹಾರುತ್ತಿದೆ.

ನಮ್ಮಲ್ಲಿ ಕಳೆದ ಸಲ ಗೆದ್ದದ್ದು ಗರ್ಜಿಸುವ ಸಿಂಹ. ಹಲ್ಲು ಹಿಂಸೆಯ ಸೂಚನೆ ಎಂದು ಒಬ್ಬರು ಬಾಯಿ ಮುಚ್ಚಿಸಿದರು. ಕೇಸರದ ಸಣ್ಣ ಗೆರೆಗಳು ಅಚ್ಚಿನಲ್ಲಿ ಮೂಡುವುದಿಲ್ಲ ಎಂದು ಮುದ್ರಕರು ಕ್ಷೌರ ಮಾಡಿದರು. ಶಿಕ್ಷಣ ಸಂಸ್ಥೆಯಲ್ಲವೇ ಎಂದು ಮತ್ತೊಬ್ಬರು ಮುಂಗಾಲಿಗೆ ಪುಸ್ತಕ ಕೊಡಿಸಿದರು. ಅಂಗಿಯ ಮೇಲೆ ಕೊನೆಗೆ ಮೂಡಿದ ಪ್ರಾಣಿ, ಕನ್ನಡಕ ಮರೆತು ತರಗತಿಗೆ ಬಂದ ಮೇಷ್ಟರಂತಿತ್ತು. ಅದಕ್ಕೆ ಚಪ್ಪಾಳೆಯೋ ಚಪ್ಪಾಳೆ.

ಆಯ್ಕೆಯ ಕ್ರಮ ಇನ್ನೂ ಪಾರದರ್ಶಕ. ಮತದಾನವೆಲ್ಲ ಆನ್‌ಲೈನ್. ಯಾರ ಚಿಕ್ಕಪ್ಪ ಎಷ್ಟು ವಾಟ್ಸ್‌ಆ್ಯಪ್ ಗುಂಪುಗಳಲ್ಲಿದ್ದಾರೆ ಎಂಬುದರ ಮೇಲೆ ಕಲೆಯ ತೂಕ ನಿಂತಿದೆ. ಎರಡನೇ ತರಗತಿಯ ಪುಟಾಣಿಗಳು ವೆಕ್ಟರ್ ಫೈಲ್ (ವೃತ್ತಿಪರರು ಕಂಪ್ಯೂಟರಿನಲ್ಲಿ ರಚಿಸುವ ಬಗೆಯ ಚಿತ್ರ) ಸಲ್ಲಿಸುತ್ತಿರುವುದನ್ನು ಕಂಡು ನನಗಂತೂ ದೇಶದ ಭವಿಷ್ಯದ ಚಿಂತೆಯೇ ಹೋಯಿತು.

ಕೊನೆಯ ನಿಯಮಕ್ಕೆ ಮಾತ್ರ ನಗು ಬರಲಿಲ್ಲ. ಬಂದ ಚಿತ್ರಗಳೆಲ್ಲ, ಸೋತವೂ ಸೇರಿ, ಶಾಲೆಯ ಸ್ವತ್ತು. ಎಲ್ಲಿ ಬೇಕಾದರೂ, ಎಷ್ಟು ವರ್ಷ ಬೇಕಾದರೂ ಬಳಸಬಹುದು, ತಿದ್ದಬಹುದು. ಸೋತ ಮಗುವಿನ ಚಿತ್ರ ನಿಮಗೇಕೆ ಸ್ವಾಮಿ? ಗೆದ್ದವಳಿಗೆ ಕೊಡುವುದು ಒಂದು ಟೀ ಶರ್ಟ್. ಅವಳ ತಮ್ಮನಿಗೆ ಬೇಕೆಂದರೆ ದುಡ್ಡು ಕೊಟ್ಟೇ ಕೊಳ್ಳಬೇಕು. ವೃತ್ತಿಯ ಕಲಾವಿದನಿಗೆ ಕೊಡಬೇಕಾದ ಕಾಸು ಉಳಿಸಲು ಮಕ್ಕಳ ಕೈಯಲ್ಲಿ ಬಿಟ್ಟಿ ದುಡಿಸಿ, ಅದನ್ನು ಪ್ರೋತ್ಸಾಹ ಎಂದು ಕರೆಯುವುದು ಸಾಕು. ಕಳೆದ ವರ್ಷದ ಅಂಗಿಯ ಬೆನ್ನಿನ ಮೇಲೆ ಪ್ರಾಯೋಜಕರ ಹೆಸರುಗಳು ಸಾಲಾಗಿ ನಿಂತಿವೆ. ಸಿಂಹ ಬಿಡಿಸಿದ ಹುಡುಗಿಯ ಹೆಸರಿಗೆ ಜಾಗ ಸಾಲಲಿಲ್ಲವಂತೆ.

ಈ ಸಲವೂ ಚಿತ್ರದಲ್ಲಿ ಮಕ್ಕಳ ಸಹಿ ಇರಕೂಡದು. ಹಕ್ಕು ಬಿಟ್ಟುಕೊಡುವ ಪತ್ರದಲ್ಲಿ ಪೋಷಕರ ಸಹಿ ಕಡ್ಡಾಯ.