ಒಂದೇ ಬಿಂದುವಿಗೆ ಬಂದು ಕೂಡುವ ಒಡ್ಡುಗಳು

ಹೋದ ವಾರ ಸಪ್ತಾಪುರದ ನನ್ನ ಟ್ಯೂಶನ್‌ಗೆ ಬರುವ ಹುಡುಗನೊಬ್ಬ ಅಮೆರಿಕದ ಮಾಮಾ ತಂದುಕೊಟ್ಟ ಕ್ಯಾಸಿಯೊ ಎಫ್ಎಕ್ಸ್-ಸಿಜಿ50 ಅನ್ನೋ ಗ್ರಾಫ್ ಕ್ಯಾಲ್ಕುಲೇಟರ್ ಹಿಡಕೊಂಡು ಬಂದಿದ್ದ. ಬಣ್ಣದ ಪರದೆ, 384×216 ಚುಕ್ಕಿ. (ಬೆಲೆ ಕೇಳಲಿಲ್ಲ. ಕೇಳಿದ್ದರೆ ಹೊಟ್ಟೆ ಉರೀತಿತ್ತು.) ಎಕ್ಸ್² − ವೈ² ಒತ್ತಿದ, ಕುದುರೆ ಜೀನಿನಂಥ ಮೇಲ್ಮೈ ಮೂಡಿತು. ತಿರುಗಿಸಿ ತಿರುಗಿಸಿ ತೋರಿಸಿದ.

“ಸರ, ಇದು ನಿಮ್ಮ ಬೋರ್ಡಿನ್ಯಾಗ ಬರ್ತದೇನ್ರಿ?”

ಬರೋದಿಲ್ಲ, ಖರೇ. 1985ರಲ್ಲಿ ಕ್ಯಾಸಿಯೊ ತಂದ ಮೊದಲ ಗ್ರಾಫ್ ಕ್ಯಾಲ್ಕುಲೇಟರಿನಲ್ಲೂ ಬರ್ತಿರಲಿಲ್ಲ. 96×64 ಚುಕ್ಕಿಯಲ್ಲಿ ಅದು ಒಂದು ಚರದ ಗೆರೆ ಎಳೆದರೆ ಮುಗೀತು. ಆದರೂ ನನ್ನ ತಕರಾರು ಇದೆ. ಹುಡುಗನ ಈ ಯಂತ್ರ ಜಾಳಿಗೆಯ ಗಂಟುಗಳಲ್ಲಿ ಬೆಲೆ ಲೆಕ್ಕ ಹಾಕಿ, ನಡುವೆ ಗೆರೆ ಜೋಡಿಸುತ್ತದೆ. ಗಂಟು-ಗಂಟಿನ ನಡುವೆ ಏನಾಗ್ತದೆ ಅಂತ ಅದಕ್ಕೆ ಗೊತ್ತಿಲ್ಲ, ನೋಡುವವನಿಗೆ ಮಾತ್ರ ಎಲ್ಲಾ ಗೊತ್ತಾದಂಗ ಅನಸ್ತದೆ.

ಎಕ್ಸ್·ವೈ ಭಾಗಿಸು (ಎಕ್ಸ್² + ವೈ²) ಹಾಕು ಅಂದೆ. ಮಡಿಕೆ ಬಿದ್ದ ಚಾದರದಂಥ ಮೇಲ್ಮೈ ಬಂತು. ನಟ್ಟನಡುವೆ, ಮೂಲಬಿಂದುವಿನ ಹತ್ತಿರ ಎತ್ತರ ಎಷ್ಟು? “ಸೊನ್ನಿ ಇರಬೇಕ್ರಿ” ಅಂದ, ಚಿತ್ರ ನೋಡಿಯೇ.

ನನ್ನ ಹಳೇ ಕ್ಯಾಸಿಯೊ 991ಇಎಸ್ ಕ್ಯಾಲ್ಕುಲೇಟರ್ ತಗೊಂಡೆ. ಅದರಲ್ಲಿ ಗ್ರಾಫಿಲ್ಲ, ಎಕ್ಸ್‌ನ ಒಂದೊಂದು ಬೆಲೆಗೂ ಉತ್ತರ ಸಾಲಾಗಿ ಬರೆದು ತೋರಿಸುವ ಟೇಬಲ್ ಮೋಡ್ ಇದೆ, 30 ಸಾಲಿನ ತನಕ. ವೈ ಜಾಗಕ್ಕೆ ಎಕ್ಸನ್ನೇ ಹಾಕಿಸಿದೆ: ಕೆಳಗಿನ ತನಕ 0.5, 0.5. ವೈ ಅಂದರೆ 2ಎಕ್ಸ್: ಎಲ್ಲಾ 0.4. ಮೈನಸ್ ಎಕ್ಸ್: ಮೈನಸ್ 0.5. ವೈ ಸೊನ್ನೆ: ಎಲ್ಲಾ ಸೊನ್ನೆ. ಎಕ್ಸ್ ಸೊನ್ನೆಯಾದ ಸಾಲಿನಲ್ಲಿ ಮಾತ್ರ ಪ್ರತಿಸಲವೂ ಎರರ್. ಹುಡುಗ ಗಪ್ಪಾದ.

ಅವನದು ಮುಳಗುಂದದ ಕಡೆ ಎರೆ ಹೊಲ. “ನಿಮ್ಮ ಹೊಲದಾಗ ಒಡ್ಡು ಹೆಂಗ ಹಾಕ್ಯಾರ?”

“ನೆಲ ಒಂದ ಮಟ್ಟ ಇದ್ದಲ್ಲೆ ಹಿಡಕೊಂಡು ಹೋಗ್ತಾರ್ರಿ. ಇಲ್ಲಂದ್ರ ನೀರು ಒಂದ ಕಡೆ ನುಗ್ಗಿ ಒಡ್ಡು ಒಡೀತದ.”

ಪುಸ್ತಕದಾಗಿನ ಲೆವೆಲ್ ಕರ್ವ್, ಅಂದರೆ ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವ ಗೆರೆ, ಅದೇ ಒಡ್ಡು. ಎರಡು ಚರದ ಪಾಠವನ್ನು ನಾವು ಅಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ಹಟ, ಮೂರು ಆಯಾಮದ ಚಿತ್ರ ಆಮೇಲೆ ಬರಲಿ. ಟೇಬಲಿನ್ಯಾಗ ಬಂದ 0.5, 0.4, ಸೊನ್ನೆ, ಮೈನಸ್ 0.5ರ ಒಡ್ಡುಗಳನ್ನು ಹಾಳೆ ಮೇಲೆ ಗೆರೆ ಎಳೆಸಿದೆ. ಎಲ್ಲಾ ನೇರ ಗೆರೆ, ಎಲ್ಲಾ ಮೂಲಬಿಂದುವಿಗೇ ಬಂದು ಕೂಡಿದವು.

“ಅರ್ಧ ಮೀಟರ್ ಮಟ್ಟದ ನೆಲದ ಒಡ್ಡು, ಸೊನ್ನಿ ಮಟ್ಟದ ನೆಲದ ಒಡ್ಡು ಒಂದ ಜಾಗಕ್ಕ ಬಂದು ಕೂಡಿದ್ರ, ಆ ಜಾಗದ ಎತ್ತರ ಎಷ್ಟಪಾ?”

ಬಹಳ ಹೊತ್ತು ಹಾಳೆ ನೋಡಿದ. “ಅಂಥಾ ಹೊಲ ಇರಂಗಿಲ್ರಿ ಸರ.”